ಲಾಕ್ ಹಾರ್ನ್ಸ್ ಅನ್ನೋ ಇಂಗ್ಲಿಷ್ ನುಡಿಗಟ್ಟನ್ನ ವಾಕ್ಯದಲ್ಲಿ ಬಳಸೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಲಾಕ್ ಹಾರ್ನ್ಸ್ ಅಂದ್ರೆ ಏನು? ಗಾಡಿ ಹಾರ್ನ್‌ಗೂ ಇದಕ್ಕೂ ಸಂಬಂಧ ಇದ್ಯಾ?

ಇಲ್ಲ, ಇಲ್ಲಿ ಹಾರ್ನ್ ಅಂದ್ರೆ ಕೊಂಬು. ಇಬ್ರು ಅಥವಾ ಎರಡು ಗುಂಪು ಒಂದು ವಿಷಯಕ್ಕೆ ಎದುರುಬದುರು ನಿಂತು, ನಾನ್ಯಾಕೆ ಬಿಡ್ಲಿ ಅಂತ ಒಬ್ಬ, ನಾನ್ಯಾಕೆ ಬಗ್ಲಿ ಅಂತ ಇನ್ನೊಬ್ಬ ಪಟ್ಟು ಹಿಡಿದ್ರೆ ಅದನ್ನ ಲಾಕ್ ಹಾರ್ನ್ಸ್ ಅಂತಾರೆ. ಜೋರಾಗಿ ಕಿರುಚಾಡ್ಬೇಕು ಅಂತೇನಿಲ್ಲ, ಕೋರ್ಟಲ್ಲಿ ವಕೀಲರ ಮೂಲಕ, ಪತ್ರದ ಮೂಲಕ, ಮೀಟಿಂಗಲ್ಲಿ ತಣ್ಣಗೆ ಮಾತಾಡ್ತಾನೇ ಲಾಕ್ ಹಾರ್ನ್ಸ್ ಮಾಡ್ಬಹುದು. ಬೇಕಾಗಿರೋದು ಎರಡೇ, ಎರಡೂ ಕಡೆ ಗಟ್ಟಿಯಾಗಿ ನಿಲ್ಲೋ ಶಕ್ತಿ ಇರ್ಬೇಕು ಮತ್ತೆ ಇಬ್ರಿಗೂ ಹಿಂದೆ ಸರಿಯೋ ಮನಸ್ಸು ಇರ್ಬಾರ್ದು. ಈ ಎರಡನ್ನ ತಲೇಲಿ ಇಟ್ಕೊಂಡ್ರೆ ಕೆಳಗಿರೋ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳ್ತೀರ.

ಈ ಮಾತು ಬಂದಿದ್ದೆಲ್ಲಿಂದ?

ಪ್ರಾಣಿಗಳ ಕಾಳಗದಿಂದ. ಬೆದೆಗಾಲದಲ್ಲಿ ಗಂಡು ಜಿಂಕೆಗಳು ತಲೆ ತಗ್ಗಿಸಿ ಕೊಂಬಿಗೆ ಕೊಂಬು ಕೊಟ್ಟು ತಳ್ಳಾಡ್ತವೆ, ಸಾಮಾನ್ಯವಾಗಿ ಸ್ವಲ್ಪ ಹೊತ್ತಲ್ಲಿ ಯಾವುದಾದ್ರೂ ಒಂದು ಸೋತು ಓಡಿಹೋಗತ್ತೆ, ಅಲ್ಲಿಗೆ ಮುಗೀತು. ಆದ್ರೆ ಕವಲು ಕವಲಾಗಿರೋ ಕೊಂಬುಗಳು ಕೆಲವು ಸಲ ಒಂದರೊಳಗೊಂದು ಸಿಕ್ಕಾಕೊಂಡುಬಿಡ್ತವೆ, ಆಗ ಗೆದ್ದಿದ್ದಕ್ಕೂ ಬಿಡಿಸ್ಕೊಳ್ಳೋಕಾಗಲ್ಲ ಸೋತಿದ್ದಕ್ಕೂ ಆಗಲ್ಲ. 2016ರ ನವೆಂಬರ್‌ನಲ್ಲಿ ಅಲಾಸ್ಕಾದ ಪಶ್ಚಿಮ ಕರಾವಳಿಯ ಉನಲಕ್ಲೀಟ್ ಅನ್ನೋ ಊರಿನ ಹತ್ರ ಎರಡು ಗಂಡು ಮೂಸ್ ಸಿಕ್ಕಿದ್ವು. ಮೂಸ್ ಅಂದ್ರೆ ಜಿಂಕೆ ಕುಲದಲ್ಲೇ ಎಲ್ಲಕ್ಕಿಂತ ದೊಡ್ಡ ಪ್ರಾಣಿ, ಕುದುರೆಗಿಂತ ಎತ್ತರ ಬೆಳೆಯತ್ತೆ. ಎರಡೂ ಕೊಂಬು ಹೆಣೆದುಕೊಂಡಿದ್ದ ಹಾಗೇ ನೀರಲ್ಲಿ ಸತ್ತು, ಮೇಲೆ ಮಂಜುಗಡ್ಡೆ ಕಟ್ಟಿ, ಮೈಯೆಲ್ಲ ಅದರೊಳಗೆ ಹೂತುಹೋಗಿತ್ತು. ಊರಿನೋರು ಮಂಜುಗಡ್ಡೆ ಕೊರೆದು ಆ ಎರಡು ತಲೆನೂ ಜೊತೇಲೇ ಹೊರಗೆ ತೆಗೆದ್ರು. ಆ ಫೋಟೋ ಒಂದ್ಸಲ ನೋಡಿದ್ರೆ ಈ ನುಡಿಗಟ್ಟು ಮತ್ತೆ ಮರೆಯಲ್ಲ, ಯಾಕಂದ್ರೆ ಅದರ ಪೂರ್ತಿ ಅರ್ಥ ಅಲ್ಲೇ ಕಾಣತ್ತೆ: ಜಗಳ ಶುರು ಮಾಡೋದು ನಮ್ಮ ಕೈಲಿದೆ, ಆದ್ರೆ ಒಂದ್ಸಲ ಸಿಕ್ಕಾಕೊಂಡ್ಮೇಲೆ ಆಚೆ ಬರೋದು ಒಬ್ಬರ ಕೈಲಿ ಇರಲ್ಲ.

ಇನ್ನೊಂದು ವಿಷಯ, ನಮ್ಮ ಬಂಡೀಪುರ ನಾಗರಹೊಳೆಯಲ್ಲಿ ಕಾಣೋ ಚುಕ್ಕೆ ಜಿಂಕೆ, ಕಡವೆಗಳ ಕೊಂಬು ಉದುರಿ ಮತ್ತೆ ಹುಟ್ಟತ್ತೆ, ಅದಕ್ಕೆ ಇಂಗ್ಲಿಷಲ್ಲಿ ಆಂಟ್ಲರ್ ಅಂತಾರೆ. ರಾಣೆಬೆನ್ನೂರಿನ ಕೃಷ್ಣಮೃಗದ ತಿರುಚಿದ ಕೊಂಬು ಉದುರಲ್ಲ, ದನ ಎಮ್ಮೆ ಟಗರು ಇವುಗಳದ್ದೂ ಉದುರಲ್ಲ, ಅದು ಹಾರ್ನ್. ಆದ್ರೆ ನುಡಿಗಟ್ಟಲ್ಲಿ ಯಾವಾಗ್ಲೂ ಹಾರ್ನ್ಸ್ ಅಂತಾನೇ ಬರತ್ತೆ. ಮನುಷ್ಯರ ಜಗಳಕ್ಕೆ ಲಾಕ್ ಆಂಟ್ಲರ್ಸ್ ಅಂತ ಬರೀಬೇಡಿ.

ವಾಕ್ಯ ಕಟ್ಟೋದು ಹೇಗೆ? ವಿತ್ ಎಲ್ಲಿ, ಓವರ್ ಎಲ್ಲಿ?

ನಮ್ಮೋರು ಎಡವೋದು ಇಲ್ಲೇ, ಹಾಗಾಗಿ ಇದನ್ನ ನಿಧಾನಕ್ಕೆ ನೋಡೋಣ. ಯಾರ ಜೊತೆ ಅನ್ನೋದಕ್ಕೆ ವಿತ್, ಯಾವ ವಿಷಯಕ್ಕೆ ಅನ್ನೋದಕ್ಕೆ ಓವರ್. ಇಷ್ಟೇ ಅಚ್ಚು.

"ಶಿ ಲಾಕ್ಟ್ ಹಾರ್ನ್ಸ್ ವಿತ್ ದಿ ಬಿಲ್ಡರ್ ಓವರ್ ದಿ ಪಾರ್ಕಿಂಗ್ ಸ್ಪೇಸ್." ಪಾರ್ಕಿಂಗ್ ಜಾಗದ ವಿಷಯಕ್ಕೆ ಅವಳು ಬಿಲ್ಡರ್ ಜೊತೆ ಜಿದ್ದಿಗೆ ಬಿದ್ಲು.

ಇಬ್ರನ್ನೂ ವಾಕ್ಯದ ಮೊದಲಲ್ಲೇ ಕೂರಿಸಿದ್ರೆ ವಿತ್ ಬೇಡ. "ದಿ ಟೂ ಬ್ರದರ್ಸ್ ಲಾಕ್ಟ್ ಹಾರ್ನ್ಸ್ ಓವರ್ ದಿ ಆನ್ಸೆಸ್ಟ್ರಲ್ ಲ್ಯಾಂಡ್." ಪಿತ್ರಾರ್ಜಿತ ಜಮೀನಿಗೆ ಅಣ್ಣ ತಮ್ಮ ಇಬ್ರೂ ಪಟ್ಟು ಹಿಡಿದು ನಿಂತ್ರು. ಇಲ್ಲಿ ವಿತ್ ಈಚ್ ಅದರ್ ಅಂತ ಸೇರಿಸಿದ್ರೆ ತಪ್ಪೇನಲ್ಲ, ಆದ್ರೆ ದಂಡ, ಇಬ್ರೇ ಇದ್ದಾಗ ಇನ್ಯಾರ ಜೊತೆ ಜಗಳ ಆಡ್ತಾರೆ.

ಈಗ ಕ್ಲಾಸಲ್ಲಿ ತುಂಬಾ ಜನ ಬರೆಯೋ ಥರದ ಒಂದು ವಾಕ್ಯ ತಗೊಳ್ಳಿ: "ಐ ಲಾಕ್ಟ್ ಮೈ ಹಾರ್ನ್ಸ್ ಟು ಮೈ ಬ್ರದರ್ ಫಾರ್ ದಿ ಪ್ರಾಪರ್ಟಿ." ಅರ್ಥ ಆಗತ್ತೆ, ಆದ್ರೆ ಮೂರು ಕಡೆ ರಿಪೇರಿ ಬೇಕು. ಮೊದಲನೇದು ಮೈ ತೆಗೀಬೇಕು, ಮೈ ಹಾರ್ನ್ಸ್ ಅಂದ್ರೆ ನಿಮ್ಮ ತಲೆ ಮೇಲೆ ನಿಜವಾಗ್ಲೂ ಕೊಂಬಿದೆ ಅಂತ ಆಗತ್ತೆ. ಎರಡನೇದು ಟು ಬದಲು ವಿತ್, ಅಣ್ಣನ ಜೊತೆ ಅಂತ ನಾವು ಹೇಳ್ತೀವಲ್ಲ ಆ ಜೊತೆನೇ ವಿತ್. ಮೂರನೇದು ಫಾರ್ ಬದಲು ಓವರ್. ಇದು ಕಷ್ಟ, ಯಾಕಂದ್ರೆ ಕನ್ನಡದಲ್ಲಿ ಆಸ್ತಿಗೋಸ್ಕರ ಜಗಳ ಅಂತೀವಿ, ಗೋಸ್ಕರ ಅಂದ ತಕ್ಷಣ ಕೈ ತಾನಾಗೇ ಫಾರ್ ಬರೆಯತ್ತೆ. ಜಗಳದ ವಿಷಯ ಯಾವುದು ಅಂತ ಹೇಳೋವಾಗ ಓವರ್ ಹಾಕೋದನ್ನ ಅಭ್ಯಾಸ ಮಾಡ್ಕೊಳ್ಳಿ, ಆರ್ಗ್ಯೂ ಓವರ್, ಫೈಟ್ ಓವರ್, ಡಿಸ್ಪ್ಯೂಟ್ ಓವರ್ ಎಲ್ಲಕ್ಕೂ ಅದೇ ನಡೆಯತ್ತೆ. ರಿಪೇರಿ ಆದ್ಮೇಲೆ: "ಐ ಲಾಕ್ಟ್ ಹಾರ್ನ್ಸ್ ವಿತ್ ಮೈ ಬ್ರದರ್ ಓವರ್ ದಿ ಪ್ರಾಪರ್ಟಿ."

ಓವರ್ ಬದಲು ಆನ್ ಅಂತ ಪೇಪರಲ್ಲಿ ಓದಿದ್ದೀನಿ ಅಂತ ಕೇಳೋರಿದ್ದಾರೆ. ಹೌದು, ನಮ್ಮ ಇಂಗ್ಲಿಷ್ ಪೇಪರ್‌ಗಳಲ್ಲಿ ಅದೂ ಬರತ್ತೆ, ಓವರ್ ಹೆಚ್ಚು ಸಹಜ. ವಿತ್ ಬದಲು ಅಗೇನ್ಸ್ಟ್ ಮಾತ್ರ ಬೇಡ.

ಲಾಕ್ಡ್ ಅಂತ ಹೇಳ್ಬೇಕಾ ಲಾಕ್ಟ್ ಅಂತಾನಾ?

ಸ್ಪೆಲ್ಲಿಂಗಲ್ಲಿ ಕೊನೆಗೆ ಇ, ಡಿ (ed) ಅಕ್ಷರ ಇದ್ರೂ ಬಾಯಲ್ಲಿ ಟಕಾರ ಬರತ್ತೆ, ಲಾಕ್ಟ್. ವಾಕ್ಟ್, ಟಾಕ್ಟ್, ಕುಕ್ಟ್ ಎಲ್ಲಾ ಹೀಗೇ. ಅದಕ್ಕೇ ಇಲ್ಲಿ ಎಲ್ಲಾ ಕಡೆ ಲಾಕ್ಟ್ ಅಂತಾನೇ ಬರೆದಿದ್ದೀನಿ.

ಯಾವ ಯಾವ ಕಾಲದಲ್ಲಿ ಬಳಸಬಹುದು?

ಎಲ್ಲಾ ಕಾಲದಲ್ಲೂ. ಆಗಿಹೋಗಿದ್ದಕ್ಕೆ ಲಾಕ್ಟ್ ಹಾರ್ನ್ಸ್, ಈಗ ನಡೀತಿರೋದಕ್ಕೆ ಆರ್ ಲಾಕಿಂಗ್ ಹಾರ್ನ್ಸ್, ಹಿಂದಿಂದ ಹಲವು ಸಲ ಆಗಿರೋದಕ್ಕೆ ಹ್ಯಾವ್ ಲಾಕ್ಟ್ ಹಾರ್ನ್ಸ್, ಇನ್ನೇನು ಶುರು ಆಗತ್ತೆ ಅನ್ನೋದಕ್ಕೆ ಆರ್ ಸೆಟ್ ಟು ಲಾಕ್ ಹಾರ್ನ್ಸ್. ಒಂದೇ ಒಂದು ಎಚ್ಚರ. ಪೇಪರಿನ ಹೆಡ್‌ಲೈನಲ್ಲಿ "ಸೆಂಟರ್, ಸ್ಟೇಟ್ ಲಾಕ್ ಹಾರ್ನ್ಸ್ ಓವರ್ ಫಂಡ್ಸ್" ಅಂತ ವರ್ತಮಾನದಲ್ಲಿ ಇರತ್ತೆ, ನಿನ್ನೆ ಆಗಿದ್ದನ್ನೂ ಹೆಡ್‌ಲೈನಲ್ಲಿ ಹಾಗೆ ಬರೆಯೋದು ಪದ್ಧತಿ. ಅದನ್ನ ನೋಡ್ಕೊಂಡು ನಿಮ್ಮ ಪ್ರಬಂಧದಲ್ಲಿ "ಯೆಸ್ಟರ್ಡೇ ದೇ ಲಾಕ್ ಹಾರ್ನ್ಸ್" ಅಂತ ಬರೆದ್ರೆ ಮಾರ್ಕ್ಸ್ ಹೋಗತ್ತೆ.

ಹಾರ್ನ್ ಅಂತ ಏಕವಚನದಲ್ಲಿ ಹೇಳಬಹುದಾ? ಹಾರ್ನ್ಸ್ ವರ್ ಲಾಕ್ಟ್ ಅಂತ ತಿರುಗಿಸಿ ಹೇಳಬಹುದಾ?

ಎರಡೂ ಬೇಡ. ಯಾವಾಗ್ಲೂ ಬಹುವಚನ, ಯಾವಾಗ್ಲೂ ಮೊದಲು ಲಾಕ್ ಆಮೇಲೆ ಹಾರ್ನ್ಸ್, ಮಧ್ಯದಲ್ಲಿ ದಿ, ದೇರ್, ಮೈ ಏನೂ ಇಲ್ಲ. ಒನ್ಸ್ ಅಗೇನ್ ಥರದ ಪದ ಬೇಕಾದ್ರೆ ಆಚೆ ಇಡಿ: "ದೇ ಲಾಕ್ಟ್ ಹಾರ್ನ್ಸ್ ಒನ್ಸ್ ಅಗೇನ್."

ಎಲ್ಲಾ ಜಗಳಕ್ಕೂ ಇದನ್ನ ಬಳಸಬಹುದಾ?

ಖಂಡಿತ ಇಲ್ಲ, ಮತ್ತೆ ಈ ಪುಟದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾಗಿರೋದು ಇದನ್ನೇ. ಬಸ್ಸಲ್ಲಿ ಚಿಲ್ಲರೆಗೆ ಕಂಡಕ್ಟರ್ ಜೊತೆ ಎರಡು ಮಾತು ಆಗಿದ್ದು ಲಾಕ್ ಹಾರ್ನ್ಸ್ ಅಲ್ಲ, ಅದು ಬರೀ ಆರ್ಗ್ಯುಮೆಂಟ್. ಬಾಸ್ ನಿಮ್ಮನ್ನ ಕ್ಯಾಬಿನ್‌ಗೆ ಕರೆದು ಬೈದು, ನೀವು ತಲೆ ತಗ್ಗಿಸ್ಕೊಂಡು ಕೇಳಿಸ್ಕೊಂಡು ಬಂದ್ರೆ ಅದೂ ಲಾಕ್ ಹಾರ್ನ್ಸ್ ಅಲ್ಲ, ಒಂದೇ ಕಡೆ ಕೊಂಬು ಇತ್ತು. ನೀವು ತಿರುಗಿ ನಿಂತು, ಇಲ್ಲ ಸರ್ ಈ ಡೆಡ್‌ಲೈನ್ ಆಗಲ್ಲ, ಕಾರಣ ಇದು, ನಾನು ಸೈನ್ ಮಾಡಲ್ಲ ಅಂತ ಹೇಳಿ, ಅವರೂ ಬಿಡದೆ ಹೋದ್ರೆ ಆಗ ಅದು ಲಾಕ್ ಹಾರ್ನ್ಸ್. ಅಂದ್ರೆ ಹುದ್ದೆ ಸಮ ಇರ್ಬೇಕಾಗಿಲ್ಲ, ಎದುರು ನಿಲ್ಲೋ ತಾಕತ್ತು ಸಮ ಇರ್ಬೇಕು.

ಇನ್ನೊಂದು ಇದಕ್ಕಿಂತ ದೊಡ್ಡ ವಿಷಯ. ಗಂಡ ಹೆಂಡತಿಗೆ ಹೊಡೆದಿದ್ದಾನೆ, ಅದನ್ನ "ದಿ ಕಪಲ್ ಲಾಕ್ಟ್ ಹಾರ್ನ್ಸ್" ಅಂತ ಬರೀತಾರೆ. ಊರಿನ ಬಲಾಢ್ಯರು ಒಂದು ಕೇರಿ ಮೇಲೆ ನುಗ್ಗಿ ಹಲ್ಲೆ ಮಾಡಿದ್ದಾರೆ, ಅದನ್ನ "ಟೂ ಗ್ರೂಪ್ಸ್ ಲಾಕ್ಟ್ ಹಾರ್ನ್ಸ್" ಅಂತ ಬರೀತಾರೆ. ವ್ಯಾಕರಣ ಸರಿ ಇದೆ, ವಾಕ್ಯ ಸುಳ್ಳು. ಹೊಡೆದವನು ಹೊಡೆಸ್ಕೊಂಡವಳು ಇಬ್ರನ್ನೂ ಒಂದೇ ತಕ್ಕಡೀಲಿ ಇಟ್ಟು, ಇಬ್ರದ್ದೂ ಸಮ ಹಠ ಅಂತ ಓದುಗರಿಗೆ ಹೇಳಿದಂಗಾಯ್ತು. ಪತ್ರಿಕೋದ್ಯಮ ಓದ್ತಿರೋ ಮಕ್ಕಳು ಇದನ್ನ ದಯವಿಟ್ಟು ಗಮನಿಸಿ. ಹಲ್ಲೆ ಆಗಿದ್ರೆ ಅಟ್ಯಾಕ್ಟ್ ಅನ್ನಿ, ಬೀಟ್ ಅನ್ನಿ, ಅಸಾಲ್ಟೆಡ್ ಅನ್ನಿ, ಯಾರು ಯಾರಿಗೆ ಮಾಡಿದ್ದು ಅಂತ ಹೆಸರಿಟ್ಟು ಬರೀರಿ. ನುಡಿಗಟ್ಟು ಚೆನ್ನಾಗಿ ಕೇಳತ್ತೆ ಅಂತ ನಡೆದಿದ್ದನ್ನ ಮರೆಮಾಚಬಾರದು.

ಹಾಗೇ ಜೀವ ಇಲ್ಲದ್ದರ ಜೊತೆಗೂ ಇದು ಕೂಡಲ್ಲ. "ಐ ಲಾಕ್ಟ್ ಹಾರ್ನ್ಸ್ ವಿತ್ ದಿ ಮ್ಯಾಥ್ಸ್ ಪೇಪರ್" ಅನ್ನೋದು ಸರಿ ಅಲ್ಲ, ಲೆಕ್ಕದ ಜೊತೆ ಗುದ್ದಾಡಿದ್ದಕ್ಕೆ ರೆಸಲ್ಡ್ ವಿತ್ ಅಥವಾ ಸ್ಟ್ರಗಲ್ಡ್ ವಿತ್ ಸಾಕು. ಸರ್ಕಾರ, ಕಂಪನಿ, ಯೂನಿಯನ್, ಕೋರ್ಟ್ ಇವೆಲ್ಲ ಪರವಾಗಿಲ್ಲ, ಅವುಗಳ ಹಿಂದೆ ಹಠ ಹಿಡಿಯೋ ಮನುಷ್ಯರಿದ್ದಾರೆ.

ನಿಜವಾಗಿ ನಡೆದಿರೋ ಉದಾಹರಣೆಗಳು ಕೊಡ್ತೀರಾ?

ಕೊಡ್ತೀನಿ, ಈ ಥರ ಕಲಿತ್ರೇನೇ ನಿಲ್ಲೋದು. ಇಂಗ್ಲಿಷಲ್ಲಿ ಇದಕ್ಕೆ ಹೇಳಿ ಮಾಡಿಸಿದಂಥ ಜೋಡಿ ಎಡಿಸನ್ ಮತ್ತೆ ವೆಸ್ಟಿಂಗ್‌ಹೌಸ್, ಅಮೆರಿಕದ ಇಬ್ರು ಕರೆಂಟ್ ಉದ್ಯಮಿಗಳು. ಎಡಿಸನ್ 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಲ್ಲಿ ಸ್ಟೇಷನ್ ಹಾಕಿ ಡಿಸಿ, ಅಂದ್ರೆ ಒಂದೇ ದಿಕ್ಕಲ್ಲಿ ಹರಿಯೋ ಕರೆಂಟ್ ಕೊಡೋಕೆ ಶುರು ಮಾಡಿದ್ದ, ಆದ್ರೆ ಆ ಕಾಲದಲ್ಲಿ ಡಿಸಿ ಹೆಚ್ಚು ದೂರ ಕಳಿಸೋಕಾಗ್ತಿರಲಿಲ್ಲ. ಜಾರ್ಜ್ ವೆಸ್ಟಿಂಗ್‌ಹೌಸ್ ಎಸಿ, ಅಂದ್ರೆ ದಿಕ್ಕು ಬದಲಿಸ್ತಾ ಹರಿಯೋ ಆಲ್ಟರ್ನೇಟಿಂಗ್ ಕರೆಂಟ್ ಹಿಡಿದು ಬಂದ, ಟ್ರಾನ್ಸ್‌ಫಾರ್ಮರ್ ಇಟ್ಟು ವೋಲ್ಟೇಜ್ ಏರಿಸಿ ದೂರಕ್ಕೆ ಕಳಿಸಿದ. ಎಸಿ ಜೀವಕ್ಕೆ ಅಪಾಯ ಅಂತ ಎಡಿಸನ್ ಕಡೆಯೋರು ಪ್ರಚಾರ ಮಾಡಿದ್ರು, ವೆಸ್ಟಿಂಗ್‌ಹೌಸ್ ಜಗ್ಗಲಿಲ್ಲ, 1893ರ ಶಿಕಾಗೋ ಮೇಳಕ್ಕೆ ದೀಪ ಹಾಕೋ ಗುತ್ತಿಗೆ ಅವನಿಗೇ ಸಿಕ್ತು. "ಇನ್ ದಿ ಲೇಟ್ ಏಯ್ಟೀನ್ ಏಯ್ಟೀಸ್, ಎಡಿಸನ್ ಲಾಕ್ಟ್ ಹಾರ್ನ್ಸ್ ವಿತ್ ವೆಸ್ಟಿಂಗ್‌ಹೌಸ್ ಓವರ್ ಆಲ್ಟರ್ನೇಟಿಂಗ್ ಕರೆಂಟ್." ಇಬ್ರಿಗೂ ದುಡ್ಡಿತ್ತು, ಕಂಪನಿ ಇತ್ತು, ಹಠ ಇತ್ತು, ಹಾಗಾಗಿ ಇಲ್ಲಿ ನುಡಿಗಟ್ಟು ಪೂರ್ತಿ ಕೂತ್ಕೊಳ್ಳತ್ತೆ. ಆ ಜಗಳದಲ್ಲಿ ಗೆದ್ದ ಎಸಿ ಕರೆಂಟೇ 1902ರಲ್ಲಿ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋಗಿದ್ದು, ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರಕ್ಕೆ ಡಿಸಿ ನಂಬ್ಕೊಂಡಿದ್ರೆ ಆಗ್ತಿರಲಿಲ್ಲ.

ಇನ್ನೊಂದು, ಅಮೆರಿಕದ ಮೊದಲನೇ ಅಧ್ಯಕ್ಷ ವಾಷಿಂಗ್ಟನ್ ಕ್ಯಾಬಿನೆಟ್ಟು. ಹಣಕಾಸು ನೋಡ್ತಿದ್ದ ಹ್ಯಾಮಿಲ್ಟನ್‌ಗೆ ರಾಷ್ಟ್ರೀಯ ಬ್ಯಾಂಕ್ ಬೇಕಿತ್ತು, ವಿದೇಶಾಂಗ ನೋಡ್ತಿದ್ದ ಜೆಫರ್ಸನ್ ಅದು ಸಂವಿಧಾನಕ್ಕೆ ವಿರುದ್ಧ ಅಂತ ವಾದ ಮಾಡಿದ. 1791ರಲ್ಲಿ ವಾಷಿಂಗ್ಟನ್ ಬ್ಯಾಂಕಿನ ಕಡೆಗೆ ಸಹಿ ಹಾಕಿದ್ರೂ ಇಬ್ಬರ ತಿಕ್ಕಾಟ ನಿಲ್ಲಲಿಲ್ಲ, ಕೊನೆಗೆ 1793ರ ಕೊನೇಲಿ ಜೆಫರ್ಸನ್ನೇ ಹುದ್ದೆ ಬಿಟ್ಟ. ದಿನಾ ಕ್ಯಾಬಿನೆಟ್ಟಲ್ಲಿ ತಮ್ಮಿಬ್ಬರನ್ನ ಎರಡು ಹುಂಜಗಳ ಹಾಗೆ ಕಾಳಗಕ್ಕೆ ಬಿಟ್ಟಂಗಿತ್ತು ಅನ್ನೋ ಅರ್ಥದಲ್ಲಿ ಆಮೇಲೆ ಒಂದು ಪತ್ರದಲ್ಲಿ ಅವನೇ ಬರೆದಿದ್ದಾನೆ. "ಜೆಫರ್ಸನ್ ಅಂಡ್ ಹ್ಯಾಮಿಲ್ಟನ್ ಲಾಕ್ಟ್ ಹಾರ್ನ್ಸ್ ಓವರ್ ದಿ ನ್ಯಾಷನಲ್ ಬ್ಯಾಂಕ್."

ಹುದ್ದೆ ಸಮ ಇಲ್ಲದೇ ಇದ್ರೂ ನಡೆಯತ್ತೆ ಅಂದ್ನಲ್ಲ, ಅದಕ್ಕೆ ಟ್ರೂಮನ್ ಮತ್ತೆ ಮೆಕಾರ್ಥರ್ ನೋಡಿ. ಒಬ್ಬ ಅಮೆರಿಕದ ಅಧ್ಯಕ್ಷ, ಇನ್ನೊಬ್ಬ ಅವನ ಕೈಕೆಳಗಿನ ಸೇನಾಪತಿ. ಆದ್ರೆ ಎರಡನೇ ಮಹಾಯುದ್ಧದ ಹೀರೋ ಆಗಿದ್ದ ಮೆಕಾರ್ಥರ್‌ಗೆ ಜನರ ಬೆಂಬಲ ಎಷ್ಟಿತ್ತು ಅಂದ್ರೆ ಕೊರಿಯಾ ಯುದ್ಧನ ಚೀನಾಗೂ ಹಬ್ಬಿಸ್ಬೇಕು ಅಂತ ಬಹಿರಂಗವಾಗೇ ಅಧ್ಯಕ್ಷರ ಮಾತಿಗೆ ಅಡ್ಡ ನಿಂತ. 1951ರ ಏಪ್ರಿಲ್ 11ಕ್ಕೆ ಟ್ರೂಮನ್ ಅವನನ್ನ ಹುದ್ದೆಯಿಂದ ತೆಗೆದ. "ಮೆಕಾರ್ಥರ್ ಲಾಕ್ಟ್ ಹಾರ್ನ್ಸ್ ವಿತ್ ಟ್ರೂಮನ್ ಓವರ್ ದಿ ಕೊರಿಯನ್ ವಾರ್ ಅಂಡ್ ಲಾಸ್ಟ್ ಹಿಸ್ ಕಮಾಂಡ್." ಕೊನೆಗೆ ಏನಾಯ್ತು ಅನ್ನೋದನ್ನ ಅಂಡ್ ಹಾಕಿ ಸೇರಿಸಿದ್ದು ನೋಡಿ, ಹೀಗೆ ಬರೆದ್ರೆ ವಾಕ್ಯಕ್ಕೆ ಜೀವ ಬರತ್ತೆ.

ಕಾವೇರಿ ವಿಷಯಕ್ಕೆ ಲಾಕ್ ಹಾರ್ನ್ಸ್ ಅನ್ನಬೇಕಾ ಅಟ್ ಲಾಗರ್‌ಹೆಡ್ಸ್ ಅನ್ನಬೇಕಾ? ಎರಡಕ್ಕೂ ವ್ಯತ್ಯಾಸ ಏನು?

ಒಳ್ಳೇ ಪ್ರಶ್ನೆ, ಯಾಕಂದ್ರೆ ಎರಡೂ ಬೇಕು. ಲಾಕ್ ಹಾರ್ನ್ಸ್ ಅನ್ನೋದು ಒಂದು ಕ್ರಿಯೆ, ಡಿಕ್ಕಿ ಹೊಡೆದ ಆ ಗಳಿಗೆ. ಅಟ್ ಲಾಗರ್‌ಹೆಡ್ಸ್ ಅನ್ನೋದು ಒಂದು ಸ್ಥಿತಿ, ಡಿಕ್ಕಿ ಆದ್ಮೇಲೆ ವರ್ಷಗಟ್ಟಲೆ ಮುಖ ಕೊಟ್ಟು ಮಾತಾಡದೆ ಇರೋದು. ಅದಕ್ಕೆ ಲಾಕ್ ಹಾರ್ನ್ಸ್ ತಾನೇ ಕ್ರಿಯಾಪದ, ಅಟ್ ಲಾಗರ್‌ಹೆಡ್ಸ್‌ಗೆ ಮಾತ್ರ ಆರ್, ವರ್, ಹ್ಯಾವ್ ಬೀನ್ ಯಾವುದಾದ್ರೂ ಒಂದು ಆಸರೆ ಬೇಕು. "ದೇ ಲಾಗರ್‌ಹೆಡ್ಸ್" ಅಂತ ಯಾರೂ ಹೇಳಲ್ಲ.

ಕಾವೇರಿನೇ ತಗೊಳ್ಳಿ. ಮದ್ರಾಸ್ ಪ್ರಾಂತ್ಯ ಮತ್ತೆ ಮೈಸೂರು ಸಂಸ್ಥಾನದ 1892ರ ಒಪ್ಪಂದ, 1924ರ ಒಪ್ಪಂದ, 1990ರಲ್ಲಿ ನ್ಯಾಯಮಂಡಳಿ, 2007ರಲ್ಲಿ ಅದರ ಅಂತಿಮ ತೀರ್ಪು, 2018ರ ಫೆಬ್ರವರಿ 16ಕ್ಕೆ ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚು ಕೊಟ್ಟು ನಮ್ಮ ಪಾಲು 284.75 ಟಿಎಂಸಿ ಅಂತ ಮಾಡಿದ್ದು, ಇಷ್ಟುದ್ದದ ಕಥೆ ಒಂದು ಡಿಕ್ಕಿ ಅಲ್ಲ. ಹಾಗಾಗಿ "ಕರ್ನಾಟಕ ಅಂಡ್ ತಮಿಳುನಾಡು ಹ್ಯಾವ್ ಬೀನ್ ಅಟ್ ಲಾಗರ್‌ಹೆಡ್ಸ್ ಓವರ್ ದಿ ಕಾವೇರಿ ಫಾರ್ ಡೆಕೇಡ್ಸ್." ಆದ್ರೆ ಮಳೆ ಕೈಕೊಟ್ಟ ವರ್ಷ, ನೀರು ಬಿಡಿ ಅಂತ ಆದೇಶ ಬಂದು ಮಂಡ್ಯದಲ್ಲಿ ರೈತರು ರಸ್ತೆಗೆ ಇಳಿದು ಬೆಂಗಳೂರು ಬಂದ್ ಆಯ್ತಲ್ಲ, ಆ ನಿರ್ದಿಷ್ಟ ಘಟನೆಗೆ "ಇನ್ ಸೆಪ್ಟೆಂಬರ್ 2023, ದಿ ಟೂ ಸ್ಟೇಟ್ಸ್ ಲಾಕ್ಟ್ ಹಾರ್ನ್ಸ್ ಅಗೇನ್." ಒಂದೇ ಪ್ಯಾರಾದಲ್ಲಿ ಎರಡೂ ಬಳಸಿದ್ರೆ ಹಳೇ ವೈಷಮ್ಯ ಯಾವುದು ಹೊಸ ಘಟನೆ ಯಾವುದು ಅಂತ ಓದೋರಿಗೆ ತಾನಾಗೇ ತಿಳಿಯತ್ತೆ.

ಬೆಳಗಾವಿ ಗಡಿ ವಿಷಯನೂ ಹೀಗೇ. 1966ರಲ್ಲಿ ಮಹಾಜನ್ ಆಯೋಗ ಮಾಡಿದ್ರು, 1967ರಲ್ಲಿ ವರದಿ ಬಂತು, ಮಹಾರಾಷ್ಟ್ರ ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯ್ತು. ಇದಕ್ಕೆ ಅಟ್ ಲಾಗರ್‌ಹೆಡ್ಸ್ ಚೆನ್ನಾಗಿ ಹೊಂದತ್ತೆ.

ಅಂದ ಹಾಗೆ ಲಾಗರ್‌ಹೆಡ್ ಅಂದ್ರೆ ಹಿಂದೆ ಮರದ ದಿಮ್ಮಿ ತಲೆಯವನು ಅಂತ ಬೈಗುಳ, 16ನೇ ಶತಮಾನದ ಕೊನೆಗೇ ಶೇಕ್ಸ್‌ಪಿಯರ್ ನಾಟಕದಲ್ಲಿ ಬಂದಿದೆ. ತುದೀಲಿ ಉಂಡೆ ಇರೋ ಒಂದು ಕಬ್ಬಿಣದ ಸಲಾಕೆಗೂ ಆ ಹೆಸರಿತ್ತು, ದೊಡ್ಡ ತಲೆಯ ಒಂದು ಕಡಲಾಮೆಗೂ ಅದೇ ಹೆಸರು. ನುಡಿಗಟ್ಟಲ್ಲಿ ಮಾತ್ರ ಕೊನೆಗೆ ಎಸ್ ಯಾವತ್ತೂ ಬಿಡಬೇಡಿ.

ಬಟ್ ಹೆಡ್ಸ್, ಕ್ರಾಸ್ ಸ್ವೋರ್ಡ್ಸ್, ಡಿಗ್ ಇನ್ ಯುವರ್ ಹೀಲ್ಸ್ ಇವೆಲ್ಲ ಒಂದೇನಾ?

ಹತ್ತಿರದ ನೆಂಟರು, ಒಂದೇ ಅಲ್ಲ. ಬಟ್ ಹೆಡ್ಸ್ ಅಮೆರಿಕದ ಕಡೆ ಹೆಚ್ಚು, ಮನೇಲಿ ಆಫೀಸಲ್ಲಿ ಪದೇ ಪದೇ ಆಗೋ ಸಣ್ಣಪುಟ್ಟ ತಿಕ್ಕಾಟಕ್ಕೆ ಸರಿಹೋಗತ್ತೆ, ಅಪ್ಪ ಮತ್ತೆ ವಯಸ್ಸಿಗೆ ಬಂದ ಮಗನ ಮಧ್ಯೆ ಆಗೋದು ಇದೇ. ಕ್ರಾಸ್ ಸ್ವೋರ್ಡ್ಸ್ ಮಾತಿನ ಮಲ್ಲರಿಗೆ, ಕೋರ್ಟಲ್ಲಿ ಇಬ್ರು ಸೀನಿಯರ್ ವಕೀಲರು, ವಿಧಾನಸಭೇಲಿ ಇಬ್ರು ನಾಯಕರು. ಅಟ್ ಡ್ಯಾಗರ್ಸ್ ಡ್ರಾನ್ ಅಂದ್ರೆ ದ್ವೇಷ ತುಂಬಾ ಮುಂದೆ ಹೋಗಿ ಹಲ್ಲು ಮಸೀತಿರೋದು. ಡಿಗ್ ಇನ್ ಹೀಲ್ಸ್‌ಗೆ ಇಬ್ರು ಬೇಕಾಗಿಲ್ಲ, ಒಬ್ಬನೇ ಹಠ ಹಿಡಿದು ಜಪ್ಪಯ್ಯ ಅಂದ್ರೂ ಜಗ್ಗದೆ ಇರೋದು. "ಹಿ ಡಗ್ ಇನ್ ಹಿಸ್ ಹೀಲ್ಸ್ ಅಂಡ್ ರೆಫ್ಯೂಸ್ಡ್ ಟು ಸೈನ್." ಇಲ್ಲಿ ಹಿಸ್ ಬೇಕು, ಲಾಕ್ ಹಾರ್ನ್ಸಲ್ಲಿ ಬೇಡ, ಇದನ್ನ ಬೆರೆಸ್ಕೋಬೇಡಿ.

ಟೇಕ್ ದಿ ಬುಲ್ ಬೈ ದಿ ಹಾರ್ನ್ಸ್ ಬೇರೆನೇ ವಿಷಯ, ಅದು ಕಷ್ಟನ ಧೈರ್ಯವಾಗಿ ಎದುರಿಸೋದು, ಜಗಳ ಅಲ್ಲ.

ಕ್ರಿಕೆಟ್ ಕಾಮೆಂಟರೀಲಿ ಲಾಕ್ ಹಾರ್ನ್ಸ್ ಅಂತಾರಲ್ಲ, ಅಲ್ಲೂ ಜಗಳಾನಾ?

ಅಲ್ಲಿ ದ್ವೇಷ ಇಲ್ಲ, ಬರೀ ಮುಖಾಮುಖಿ. "ಇಂಡಿಯಾ ಅಂಡ್ ಆಸ್ಟ್ರೇಲಿಯಾ ಲಾಕ್ಟ್ ಹಾರ್ನ್ಸ್ ಇನ್ ದಿ 2023 ವರ್ಲ್ಡ್ ಕಪ್ ಫೈನಲ್ ಇನ್ ಅಹಮದಾಬಾದ್." ಇಲ್ಲಿ ಓವರ್ ಬದಲು ಇನ್ ಬಂತು ಗಮನಿಸಿ, ಯಾಕಂದ್ರೆ ಜಗಳದ ವಿಷಯ ಇಲ್ಲ, ಆಟ ನಡೆದ ಜಾಗ ಸಂದರ್ಭ ಅಷ್ಟೇ ಇದೆ. ನಮ್ಮ ದೇಶದ ಸ್ಪೋರ್ಟ್ಸ್ ಪೇಜಲ್ಲಿ ಇದು ಅತಿಯಾಗಿ ಬಳಕೆ ಆಗಿದೆ, ಯಾವ ಎರಡು ಟೀಮ್ ಆಡಿದ್ರೂ ಲಾಕ್ ಹಾರ್ನ್ಸ್ ಅಂತ ಬರೀತಾರೆ, ನನಗೇನೋ ಫೈನಲ್ಲು, ಹಳೇ ಜಿದ್ದು ಇರೋ ಪಂದ್ಯಗಳಿಗೆ ಉಳಿಸ್ಕೊಂಡ್ರೆ ಚೆಂದ ಅನ್ಸತ್ತೆ. ಲೀಗಿನ ಸಾಧಾರಣ ಪಂದ್ಯಕ್ಕೆ ಪ್ಲೇ, ಮೀಟ್, ಫೇಸ್ ಸಾಕು.

ಕನ್ನಡದಲ್ಲಿ ಇದಕ್ಕೆ ಏನು ಹೇಳಬೇಕು?

ಕೊಂಬು ಸಿಕ್ಕಿಸಿಕೊಂಡರು ಅಂತ ಅನುವಾದ ಮಾಡಬೇಡಿ, ಯಾರಿಗೂ ಅರ್ಥ ಆಗಲ್ಲ. ಸಂದರ್ಭ ನೋಡ್ಕೊಂಡು ತಿಕ್ಕಾಟ, ಜಟಾಪಟಿ, ಹಗ್ಗಜಗ್ಗಾಟ, ಜಿದ್ದಿಗೆ ಬಿದ್ದರು, ಸೆಡ್ಡು ಹೊಡೆದರು ಇವುಗಳಲ್ಲಿ ಒಂದನ್ನ ಆರಿಸ್ಕೊಳ್ಳಿ. ಒಳಗೊಳಗೇ ನಡೀತಿದ್ರೆ ಮುಸುಕಿನ ಗುದ್ದಾಟ, ಆದ್ರೆ ಅದನ್ನ ಇಂಗ್ಲಿಷಲ್ಲಿ ಲಾಕ್ ಹಾರ್ನ್ಸ್ ಅನ್ನೋಕಾಗಲ್ಲ, ಲಾಕ್ ಹಾರ್ನ್ಸ್ ಯಾವಾಗ್ಲೂ ಬಯಲಲ್ಲಿ ನಡೆಯೋದು. ಹಾವು ಮುಂಗುಸಿ, ಎಣ್ಣೆ ಸೀಗೆಕಾಯಿ ಅನ್ನೋವು ಯಾವಾಗ್ಲೂ ಒಬ್ಬರನ್ನ ಕಂಡ್ರೆ ಒಬ್ಬರಿಗೆ ಆಗದಿರೋರಿಗೆ, ಅವು ಅಟ್ ಲಾಗರ್‌ಹೆಡ್ಸ್ ಕಡೆಗೆ ಹೆಚ್ಚು ವಾಲ್ತವೆ.

ನಮ್ಮಲ್ಲೂ ಕೊಂಬಿನ ಕಾಳಗದ ಗಾದೆ ಇದೆ, ಹಳಗನ್ನಡದ್ದು, ಕೋಣನೆರಡುಂ ಹೋರೆ ಗಿಡುವಿಂಗೆ ಮಿತ್ತು. ಎರಡು ಕೋಣ ಕಾದಾಡಿದ್ರೆ ಸಾಯೋದು ಮಧ್ಯದಲ್ಲಿರೋ ಗಿಡ. ಇಂಗ್ಲಿಷ್ ನುಡಿಗಟ್ಟು ಕಾದಾಡೋ ಇಬ್ಬರನ್ನ ಮಾತ್ರ ನೋಡತ್ತೆ, ನಮ್ಮ ಗಾದೆ ಕಾಲಡಿ ಸಿಕ್ಕಿದ್ದನ್ನ ನೋಡತ್ತೆ. ಇಂಗ್ಲಿಷಲ್ಲಿ ಬರೆಯೋವಾಗ ಆ ಗಿಡನೂ ಬೇಕು ಅಂದ್ರೆ ವಾಕ್ಯನ ಸ್ವಲ್ಪ ಬೆಳೆಸಿ: "ವೈಲ್ ದಿ ಟೂ ಡಿಪಾರ್ಟ್‌ಮೆಂಟ್ಸ್ ಲಾಕ್ಟ್ ಹಾರ್ನ್ಸ್ ಓವರ್ ಹೂ ಶುಡ್ ಪೇ, ದಿ ವಿಲೇಜ್ ವೆಂಟ್ ವಿತೌಟ್ ವಾಟರ್." ದುಡ್ಡು ಯಾರು ಕೊಡ್ಬೇಕು ಅಂತ ಎರಡು ಇಲಾಖೆ ಕಿತ್ತಾಡ್ತಿದ್ರೆ ಊರಿಗೆ ನೀರಿಲ್ಲ. ಈ ವೈಲ್ ಹಾಕಿ ಶುರು ಮಾಡೋ ಅಚ್ಚನ್ನ ಬಾಯಿಪಾಠ ಮಾಡ್ಕೊಳ್ಳಿ, ಪ್ರಬಂಧಕ್ಕೆ, ಡಿಬೇಟಿಗೆ, ಓದುಗರ ಪತ್ರಕ್ಕೆ ತುಂಬಾ ಉಪಯೋಗಕ್ಕೆ ಬರತ್ತೆ.

ಜಗಳ ಮುಗೀತು ಅಂತ ಹೇಳೋಕೆ ಅನ್‌ಲಾಕ್ ಹಾರ್ನ್ಸ್ ಅನ್ನಬಹುದಾ?

ಆ ಮಾತು ಬಳಕೇಲಿ ಇಲ್ಲ. ಒಬ್ಬರು ಸೋತು ಹಿಂದೆ ಸರಿದ್ರೆ ಬ್ಯಾಕ್ ಡೌನ್, ಇಬ್ರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ರೆ ಮೆಟ್ ಹಾಫ್‌ವೇ ಅಥವಾ ರೀಚ್ಟ್ ಎ ಕಾಂಪ್ರಮೈಸ್, ಹಳೇದೆಲ್ಲ ಮರೆತು ಸ್ನೇಹ ಆದ್ರೆ ಬರೀಡ್ ದಿ ಹ್ಯಾಚೆಟ್. "ದಿ ಸಿಸ್ಟರ್ಸ್ ಲಾಕ್ಟ್ ಹಾರ್ನ್ಸ್ ಓವರ್ ದೇರ್ ಮದರ್ಸ್ ಗೋಲ್ಡ್, ಬಟ್ ದೇ ಬರೀಡ್ ದಿ ಹ್ಯಾಚೆಟ್ ಬಿಫೋರ್ ದಿ ವೆಡ್ಡಿಂಗ್." ಅಮ್ಮನ ಒಡವೆಗೆ ಅಕ್ಕ ತಂಗಿ ಜಿದ್ದಿಗೆ ಬಿದ್ದಿದ್ರು, ಮದುವೆ ಹೊತ್ತಿಗೆ ಒಂದಾದ್ರು.

ಪರೀಕ್ಷೇಲಿ, ಆಫೀಸ್ ಮೇಲ್‌ನಲ್ಲಿ, ಇಂಟರ್‌ವ್ಯೂನಲ್ಲಿ ಬಳಸಬಹುದಾ?

ಪ್ರಬಂಧದಲ್ಲಿ ಧಾರಾಳವಾಗಿ ಬಳಸಿ, ಇದು ಬೀದಿ ಮಾತಲ್ಲ, ಪತ್ರಿಕೆಗಳ ಸಂಪಾದಕೀಯದಲ್ಲೂ ಬರತ್ತೆ. ಆದ್ರೆ ಒಂದು ಪುಟಕ್ಕೆ ಒಂದೇ ಸಾಕು, ಪ್ರತಿ ಸಾಲಲ್ಲೂ ಒಂದೊಂದು ನುಡಿಗಟ್ಟು ತುರುಕಿದ್ರೆ ಓದೋ ಮೇಷ್ಟ್ರಿಗೆ ಬಾಯಿಪಾಠ ಮಾಡಿದ್ದು ಅಂತ ಗೊತ್ತಾಗಿಹೋಗತ್ತೆ. ಅರ್ಜಿ, ದೂರು, ಲೀಗಲ್ ನೋಟಿಸಲ್ಲಿ ಬೇಡ, ಅಲ್ಲಿ ದೇರ್ ಈಸ್ ಎ ಡಿಸ್ಪ್ಯೂಟ್ ಅನ್ನೋ ಸಾದಾ ಮಾತೇ ಗಟ್ಟಿ.

ಆಫೀಸ್ ಮೇಲ್‌ನಲ್ಲಿ ಹುಷಾರು. ಸಹೋದ್ಯೋಗಿ ಬಗ್ಗೆ ಮ್ಯಾನೇಜರ್‌ಗೆ "ವಿ ಲಾಕ್ಟ್ ಹಾರ್ನ್ಸ್" ಅಂತ ಬರೆದ್ರೆ ನೀವೂ ಬಗ್ಗಿಲ್ಲ ಅಂತ ನೀವೇ ಬರೆದುಕೊಟ್ಟಂಗೆ. "ವಿ ಸೀ ದಿಸ್ ಡಿಫರೆಂಟ್ಲಿ" ಅನ್ನಿ, ವಿಷಯ ಅದೇ, ಕಾವು ಕಮ್ಮಿ.

ಇಂಟರ್‌ವ್ಯೂನಲ್ಲಿ ಟೀಮಲ್ಲಿ ಯಾರ ಜೊತೆನಾದ್ರೂ ಭಿನ್ನಾಭಿಪ್ರಾಯ ಬಂದಿತ್ತಾ, ಹೇಗೆ ನಿಭಾಯಿಸಿದ್ರಿ ಅಂತ ಕೇಳೇ ಕೇಳ್ತಾರೆ. ಅಲ್ಲಿ ನಿಮ್ಮ ಬಗ್ಗೆ ಡಿಸಗ್ರೀಡ್ ಸಾಕು: "ಮೈ ಟೀಮ್ ಲೀಡ್ ಅಂಡ್ ಐ ಡಿಸಗ್ರೀಡ್ ಓವರ್ ದಿ ಟೆಸ್ಟಿಂಗ್ ಪ್ಲಾನ್, ಸೋ ವಿ ಸ್ಯಾಟ್ ಡೌನ್ ವಿತ್ ದಿ ಡೇಟಾ." ಬೇರೆ ಇಬ್ಬರ ಮಧ್ಯೆ ಆಗಿ ನೀವು ಮಧ್ಯಸ್ಥಿಕೆ ಮಾಡಿದ್ರೆ ಮಾತ್ರ ಲಾಕ್ ಹಾರ್ನ್ಸ್ ತನ್ನಿ: "ಟೂ ಸೀನಿಯರ್ ಡೆವಲಪರ್ಸ್ ಹ್ಯಾಡ್ ಲಾಕ್ಟ್ ಹಾರ್ನ್ಸ್ ಓವರ್ ದಿ ಡಿಸೈನ್, ಅಂಡ್ ಐ ಗಾಟ್ ದೆಮ್ ಇನ್‌ಟು ಒನ್ ರೂಮ್." ಇಲ್ಲಿ ಹ್ಯಾಡ್ ಬಂದಿದ್ದು ಯಾಕಂದ್ರೆ ಅವರ ಜಗಳ ಮೊದಲು, ನೀವು ಕೂರಿಸಿದ್ದು ಆಮೇಲೆ.